ಹಳೆ ಕಾರ್ವೆಟ್: 63ರಿಂದ 72ರೊಳಗೆ ನಿಮ್ಮ ವರ್ಷ ಯಾವುದು?

ಕೇಳುತ್ತಿರುವವನು

ಕೊನೆಗೂ ಮನೆಯವರು ಒಪ್ಪಿದ್ದಾರೆ. ಅವರ ಮನಸ್ಸು ಬದಲಾಗುವ ಮೊದಲು ನಾನೊಂದು ತೀರ್ಮಾನಕ್ಕೆ ಬರಬೇಕು. ಹಳೆಯ ಷೆವ್ರೊಲೆ ಕಾರ್ವೆಟ್ ಕೊಳ್ಳಬೇಕು, 1963ರಿಂದ 1972ರೊಳಗಿನದ್ದು. ನಿಲ್ಲಿಸಿ ತೋರಿಸುವುದಕ್ಕಲ್ಲ, ಓಡಿಸುವುದಕ್ಕೆ. ರಜೆ ದಿನ ಬೆಳಿಗ್ಗೆ ಎರಡು ಗಂಟೆ ಸುತ್ತಾಟ, ವರ್ಷಕ್ಕೊಂದು ಸಲ ದೂರದ ಪ್ರಯಾಣ, ಅಷ್ಟೇ. ಓದಿದಷ್ಟೂ ತಲೆ ಕೆಡುತ್ತಿದೆ, ಯಾಕೆಂದರೆ ಒಂದೊಂದು ವರ್ಷಕ್ಕೂ ಒಬ್ಬೊಬ್ಬ ಭಕ್ತ ಇದ್ದಾನೆ. ಇಟ್ಟುಕೊಂಡವರು, ಇಟ್ಟುಕೊಂಡು ಮಾರಿದವರು ಹೇಳಿ. ನಿಮ್ಮ ವರ್ಷ ಯಾವುದು, ಯಾಕೆ? ಬೇಡವೇ ಬೇಡ ಅನ್ನುವ ವರ್ಷ ಇದ್ದರೆ ಅದನ್ನೂ ಹೇಳಿ. ನನಗೆ ಸ್ಪ್ಯಾನರ್ ಹಿಡಿಯಲು ಬರುತ್ತದೆ, ವೆಲ್ಡಿಂಗ್ ಬರುವುದಿಲ್ಲ.

63 ಕೂಪೆ, ಮಾರಿದ್ದೇನೆ

ಮೊದಲು ನಾನೇ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ಗಟ್ಟಿ ಚಾವಣಿಯ ಕೂಪೆ, ಹಿಂದಿನ ಗಾಜು ಎರಡು ಭಾಗ ಆಗಿರುವ ಕಾರು, ಅಲ್ವಾ? ನಾಲ್ಕು ವರ್ಷ ಇಟ್ಟುಕೊಂಡಿದ್ದೆ. ಗಾಜಿನ ನಡುವಿನ ಆ ಪಟ್ಟಿ ಮೂತಿಯಿಂದ ಬಾಲದವರೆಗೆ ಹರಿಯುವ ಬೆನ್ನುಮೂಳೆಯ ಭಾಗ. ವಿನ್ಯಾಸದ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಅದು ಬೇಕೇ ಬೇಕು. ಎಂಜಿನಿಯರ್ ಝೋರಾ ಆರ್ಕಸ್-ಡಂಟೊವ್‌ಗೆ ಬೇಡವೇ ಬೇಡ, ಹಿಂದೆ ಏನೂ ಕಾಣುವುದಿಲ್ಲ ಅಂತ. ಒಂದು ವರ್ಷ ಮಿಚೆಲ್ ಗೆದ್ದರು. 1964ಕ್ಕೆ ಪಟ್ಟಿ ಹೋಯಿತು.

ಓಡಿಸಿದ ಮೇಲೆ ನಾನು ಡಂಟೊವ್ ಕಡೆ. ಕನ್ನಡಿ ನೋಡಿದರೆ ಎಡಕ್ಕೆ ಅರ್ಧ ರಸ್ತೆ, ಬಲಕ್ಕೆ ಅರ್ಧ ರಸ್ತೆ, ನಡುವೆ ಬರುತ್ತಿರುವ ಬೈಕ್ ಮಾತ್ರ ಕಾಣುವುದಿಲ್ಲ. ತಮಾಷೆ ಏನೆಂದರೆ ಆ ಕಾಲದಲ್ಲಿ ಎಷ್ಟೋ ಜನ ತಮ್ಮ 63 ಹಳೆಯದಾಗಿ ಕಾಣಬಾರದು ಅಂತ ಪಟ್ಟಿ ಕತ್ತರಿಸಿ 64ರ ಒಂದೇ ಗಾಜು ಹಾಕಿಸಿಕೊಂಡರು. ಈಗ ಅಂಥ ಕಾರು ಸಿಕ್ಕವರು ಮತ್ತೆ ಪಟ್ಟಿ ಕೂರಿಸುತ್ತಿದ್ದಾರೆ. ಅದಕ್ಕೇ ನೋಡಲು ಹೋದಾಗ ಗಾಜಿನ ಸುತ್ತ ಒಳಗಿನಿಂದ ಬೆರಳು ಆಡಿಸಿ ನೋಡಿ, ಫೈಬರ್‌ಗ್ಲಾಸ್ ಅಂಟಿಸಿದ ಜಾಗ ಉಬ್ಬಿರುತ್ತದೆ.

ಗಾಜಿನ ಕತೆ ಇರಲಿ, ನಾನು ಮಾರಿದ್ದು ಬ್ರೇಕಿಗಾಗಿ. ನಾಲ್ಕೂ ಚಕ್ರಕ್ಕೆ ಡ್ರಮ್. ಇಳಿಜಾರಿನ ಮೂರನೇ ತಿರುವಿನಲ್ಲಿ ಪೆಡಲ್ ಕಲ್ಲಾಯಿತು, ಒತ್ತಿದಷ್ಟೂ ಕಾರು ನಿಧಾನ ಆಗುತ್ತಿಲ್ಲ, ಮೂಗಿಗೆ ಸುಟ್ಟ ವಾಸನೆ. ಎರಡನೇ ಗೇರಿಗೆ ಎಳೆದು ಹೇಗೋ ನಿಲ್ಲಿಸಿದೆ. ಹಿಂದಿನ ಸ್ವತಂತ್ರ ಸಸ್ಪೆನ್ಷನ್ ಬಂದದ್ದು ಆ ವರ್ಷವೇ, ತಿರುವಿನಲ್ಲಿ ಅದರ ಹಿಡಿತ ನಿಜಕ್ಕೂ ಚೆನ್ನ. ಆದರೆ ಅಷ್ಟು ಚೆನ್ನಾಗಿ ಓಡುವ ಕಾರಿಗೆ ಅಂಥ ಬ್ರೇಕಾ? ಓಡಿಸಲು ಅಂತ ಕೇಳಿದ್ದೀರಿ, ಹಾಗಾದರೆ 63 ಬೇಡ. ಫೋಟೊ ನೋಡಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಅದು ಬೇರೆ ಮಾತು.

65 ಕನ್ವರ್ಟಿಬಲ್, ಇನ್ನೂ ಇದೆ

ಮೇಲಿನವರು ನನ್ನ ಕೆಲಸ ಅರ್ಧ ಮುಗಿಸಿಕೊಟ್ಟರು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂದದ್ದು 1965ಕ್ಕೆ. ನನ್ನ ವೋಟು ಅದಕ್ಕೆ, ನನ್ನದು ಚಾವಣಿ ಮಡಚುವ ಕನ್ವರ್ಟಿಬಲ್. ಬಾನೆಟ್ ಮೇಲೆ 63ರಲ್ಲಿ ಎರಡು ಸುಳ್ಳು ಜಾಲರಿ ಇದ್ದವು. 64ರಲ್ಲಿ ಜಾಲರಿ ತೆಗೆದರು, ಅದರ ತಗ್ಗು ಮಾತ್ರ ಹಾಗೇ ಬಿಟ್ಟರು. 65ರಲ್ಲಿ ಅದೂ ಹೋಯಿತು. ಮುಂದಿನ ಫೆಂಡರಿನ ಮೂರು ಸೀಳುಗಳು ನಿಜವಾಗಿಯೂ ಬಿಸಿಗಾಳಿ ಹೊರಗೆ ಬಿಡುತ್ತವೆ. ಹಳೇ ರೋಚೆಸ್ಟರ್ ಫ್ಯೂಯೆಲ್ ಇಂಜೆಕ್ಷನ್ ಸಿಗುವ ಕೊನೆಯ ವರ್ಷವೂ ಅದೇ, 396 ಕ್ಯೂಬಿಕ್ ಇಂಚಿನ ದೊಡ್ಡ ಎಂಜಿನ್ ಸಿಕ್ಕ ಒಂದೇ ವರ್ಷವೂ ಅದೇ. ನನ್ನದರಲ್ಲಿ ಎರಡೂ ಇಲ್ಲ. 327 ಕ್ಯೂಬಿಕ್ ಇಂಚು, 300 ಕುದುರೆಶಕ್ತಿ, ನಾಲ್ಕು ಗೇರು, ಒಂದು ಕಾರ್ಬ್ಯುರೇಟರ್. ಓಡಿಸುವವನಿಗೆ ಇದಕ್ಕಿಂತ ಜಾಸ್ತಿ ಬೇಕಿಲ್ಲ. ದೊಡ್ಡ ಎಂಜಿನ್ ಮೂತಿಯ ಮೇಲೆ ಭಾರ ಹೇರುತ್ತದೆ, ಟ್ರಾಫಿಕ್ಕಿನಲ್ಲಿ ಕಾಲು ಬೇಯಿಸುತ್ತದೆ.

ಒಂದು ಎಚ್ಚರಿಕೆ. ಡಿಸ್ಕ್ ಬ್ರೇಕ್ ಇದೆ ಅಂದ ತಕ್ಷಣ ಕುಣಿಯಬೇಡಿ. ಡಿಸ್ಕನ್ನು ಕಚ್ಚಿ ಹಿಡಿಯುವ ಪ್ರತಿ ಕ್ಯಾಲಿಪರಿನಲ್ಲಿ ನಾಲ್ಕು ಪಿಸ್ಟನ್, ಎರಕದ ಕಬ್ಬಿಣದ ಕೊಳವೆಯೊಳಗೆ. ಕಾರು ಸುಮ್ನೆ ನಿಂತರೆ ಬ್ರೇಕ್ ಆಯಿಲ್ ತೇವ ಹೀರುತ್ತದೆ, ಕೊಳವೆಯ ಗೋಡೆಯಲ್ಲಿ ಸಾಸಿವೆ ಕಾಳಿನಷ್ಟು ಗುಳಿ ಬೀಳುತ್ತದೆ, ಸೀಲಿನ ತುಟಿ ಅಲ್ಲಿ ಕೂರುವುದಿಲ್ಲ. ನನ್ನ ಕಾರು ಬಂದ ಮೊದಲ ವರ್ಷ ಪೆಡಲ್ ಸ್ಪಂಜಿನಂತಿತ್ತು. ಗಾಳಿ ತೆಗೆದೆ, ಎರಡು ವಾರ ಸರಿ, ಮತ್ತೆ ಸ್ಪಂಜು. ಮೂರು ಸಲ ಹೀಗೇ ಆಯಿತು. ಎಲ್ಲೂ ಒಂದು ಹನಿ ಸೋರಿಕೆ ಇಲ್ಲ! ಕೊನೆಗೆ ಡಿಸ್ಕಿಗೆ ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಗೊತ್ತಾಯಿತು, ಡಿಸ್ಕ್ ಸ್ವಲ್ಪ ವಾಲಾಡುತ್ತಿತ್ತು. ಪ್ರತಿ ಸುತ್ತಿಗೂ ಪಿಸ್ಟನ್ ಹಿಂದೆ ಮುಂದೆ ಆಡುತ್ತದೆ, ಸೀಲಿನ ಪಕ್ಕದಿಂದ ಗಾಳಿ ಒಳಗೆ ಹೀರಿಕೊಳ್ಳುತ್ತದೆ. ಅಂದರೆ ಆಯಿಲ್ ಹೊರಗೆ ಬರುತ್ತಿರಲಿಲ್ಲ, ಗಾಳಿ ಒಳಗೆ ಹೋಗುತ್ತಿತ್ತು. ಡಿಸ್ಕ್ ಸರಿ ಮಾಡಿಸಿ, ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್, ಅಂದರೆ ಕೊಳವೆಗೆ ಒಳಪದರ, ಹಾಕಿದ ಕ್ಯಾಲಿಪರ್ ಕೂರಿಸಿದೆ. ಆಮೇಲೆ ಬ್ರೇಕಿನ ತಂಟೆ ಇಲ್ಲ. 65ರಿಂದ 82ರವರೆಗೆ ಯಾವ ಕಾರ್ವೆಟ್ ತಗೊಂಡರೂ ಮೊದಲ ಪ್ರಶ್ನೆ ಇದೇ ಆಗಿರಲಿ: ಕ್ಯಾಲಿಪರಿಗೆ ಸ್ಲೀವ್ ಹಾಕಿಸಿದ್ದೀರಾ?

ಇನ್ನೊಂದು, ದೂರ ಪ್ರಯಾಣ ಅಂದಿರಿ. ಈ ತಲೆಮಾರಿಗೆ ಡಿಕ್ಕಿ ಬಾಗಿಲೇ ಇಲ್ಲ. ಸೀಟು ಮಡಚಿ, ಅದರ ಹಿಂದಿನಿಂದ ಬ್ಯಾಗ್ ತುರುಕಬೇಕು, ಮತ್ತೆ ಹಾಗೇ ಎಳೆಯಬೇಕು. ಗಟ್ಟಿ ಸೂಟ್‌ಕೇಸ್ ತರಬೇಡಿ.

67

67. ಇದರಲ್ಲಿ ಕೇಳುವುದೇನಿದೆ?

65 ಕನ್ವರ್ಟಿಬಲ್, ಇನ್ನೂ ಇದೆ

ಕಾರಣ ಹೇಳಿ ಸ್ವಾಮಿ, ಅವರು ಕಾರಣ ಕೇಳಿದ್ದು.

67

ಸರಿ. 67ಕ್ಕೆ ಹೊಸ ಮೈಕಟ್ಟು ಬರಬೇಕಿತ್ತು, ಸಿದ್ಧ ಆಗಲಿಲ್ಲ. ಹಾಗಾಗಿ ಹಳೆಯದನ್ನೇ ಇನ್ನೊಂದು ವರ್ಷ ಎಳೆದರು, ಎಳೆಯುವಾಗ ಮೇಲಿನ ಅಲಂಕಾರ ಎಲ್ಲ ಕಿತ್ತು ಹಾಕಿದರು. ಉಳಿದದ್ದು ಶುದ್ಧ ಆಕಾರ. ಫೆಂಡರಿನಲ್ಲಿ ಐದು ಓರೆ ಸೀಳು, ಹಿಂದೆ ನಂಬರ್ ಪ್ಲೇಟ್ ಮೇಲೆ ಒಂದೇ ರಿವರ್ಸ್ ದೀಪ, ಹ್ಯಾಂಡ್‌ಬ್ರೇಕ್ ಡ್ಯಾಶ್ ಕೆಳಗಿನಿಂದ ಎರಡು ಸೀಟಿನ ನಡುವೆ ಬಂತು. ಐದು ವರ್ಷದ ತಪ್ಪೆಲ್ಲ ತಿದ್ದಿಕೊಂಡ ಕಾರು. ಆಗ ಜನ ಹೊಸದು ಬರುತ್ತದೆ ಅಂತ ಕಾದು ಕೂತರು, 66ರಲ್ಲಿ 27,720 ತಯಾರಾದರೆ 67ರಲ್ಲಿ 22,940 ಮಾತ್ರ. ಈಗ ಎಲ್ಲರಿಗೂ ಅದೇ ಬೇಕು.

ರಿಪೇರಿ ಕೈ

ಎಲ್ಲರಿಗೂ ಅದೇ ಬೇಕು ಅನ್ನುವುದೇ 67ರ ತೊಂದರೆ. ಮೂರು ಕಾರ್ಬ್ಯುರೇಟರ್ ಇರುವ 427, 435 ಕುದುರೆಶಕ್ತಿ, ಅಂತ ಹೇಳಿಕೊಂಡು ಬರುವ ಕಾರುಗಳಲ್ಲಿ ಕಾರ್ಖಾನೆಯಿಂದ ಹಾಗೆ ಬಂದವು ಎಷ್ಟು, ಆಮೇಲೆ ಹಾಗಾದವು ಎಷ್ಟು ಅಂತ ಕೇಳಬೇಡಿ. ಆ ಕಾಲದ ಚಾಸಿಸ್ ನಂಬರಿನಲ್ಲಿ ಕೂಪೆಯೋ ಕನ್ವರ್ಟಿಬಲ್ಲೋ ಅಂತ ಇರುತ್ತದೆ, ಎಂಜಿನ್ ಯಾವುದು ಅಂತ ಇರುವುದಿಲ್ಲ. 1972ರಿಂದ ಮಾತ್ರ ಐದನೇ ಅಕ್ಷರ ಎಂಜಿನ್ ಹೇಳುತ್ತದೆ.

ಹಾಗಾಗಿ ಎಂಜಿನ್ ಬ್ಲಾಕಿನ ಮುಂದೆ, ಬಲಗಡೆ ಸಿಲಿಂಡರ್ ಹೆಡ್ಡಿನ ಪಕ್ಕದಲ್ಲಿ ಒಂದು ಚಪ್ಪಟೆ ಜಾಗ ಇದೆ, ಅಲ್ಲಿ ಕುಟ್ಟಿದ ಅಂಕಿ ಓದಬೇಕು. ಅಂಕಿಗಿಂತ ಅದರ ಹಿಂದಿನ ಲೋಹ ಮುಖ್ಯ. ಕಾರ್ಖಾನೆಯ ಯಂತ್ರ ಸವರಿದ ಸಣ್ಣ ಸಮಾನಾಂತರ ಗೀರುಗಳು ಆ ಜಾಗದ ಉದ್ದಕ್ಕೂ ಇರಬೇಕು. ಉಜ್ಜಿ ನುಣ್ಣಗೆ ಮಾಡಿ ಹೊಸದಾಗಿ ಕುಟ್ಟಿದ್ದರೆ ಗೀರು ಇರುವುದಿಲ್ಲ, ಇಲ್ಲವೇ ಗ್ರೈಂಡರಿನ ಗುಂಡನೆಯ ಗೆರೆ ಇರುತ್ತದೆ. ಟಾರ್ಚನ್ನು ಪಕ್ಕದಿಂದ ಮಲಗಿಸಿ ಹಿಡಿಯಿರಿ, ಮೇಲಿನಿಂದ ಬೆಳಕು ಬಿಟ್ಟರೆ ಕಾಣುವುದಿಲ್ಲ. ಮಾರುವವರು ಗ್ರೀಸ್ ಬಳಿದಿದ್ದರೆ ಬಟ್ಟೆಯಿಂದ ನೀವೇ ಒರೆಸಿ. ಒರೆಸಬೇಡಿ ಅಂದರೆ ವಾಪಸ್ ಬನ್ನಿ.

ಓಡಿಸುವವರಿಗೆ ಇದೆಲ್ಲ ಬೇಕಿಲ್ಲ ಅನ್ನಿಸಬಹುದು. ಮೂಲ ಎಂಜಿನ್ ಅಲ್ಲದ ಕಾರು ತಗೊಂಡರೆ ತಪ್ಪೇನಿಲ್ಲ, ನಾನೇ ಅದನ್ನು ಶಿಫಾರಸು ಮಾಡುತ್ತೇನೆ, ಬಣ್ಣಕ್ಕೆ ಗೀರು ಬಿದ್ದರೂ ನಿದ್ದೆ ಕೆಡುವುದಿಲ್ಲ. ಮೂಲದ್ದು ಅಂತ ದುಡ್ಡು ಕೊಟ್ಟು ಮೂಲ ಅಲ್ಲದ್ದು ತರಬೇಡಿ, ಅಷ್ಟೇ.

69 ಕೂಪೆ, ಅರ್ಧ ಕಾರು

ನನ್ನ ಕತೆ ಹೇಳುತ್ತೇನೆ, ನಗಬೇಡಿ. ಫೈಬರ್‌ಗ್ಲಾಸ್ ಮೈ, ತುಕ್ಕು ಹಿಡಿಯುವುದಿಲ್ಲ ಅಂತ ನಂಬಿ 69 ತಂದೆ. 68 ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ, ಹೊಸ ಮೈಕಟ್ಟಿನ ಮೊದಲ ವರ್ಷ, ಜೋಡಣೆ ಅಷ್ಟಕ್ಕಷ್ಟೇ, ಒಂದು ಪತ್ರಿಕೆಯವರು ತಮಗೆ ಕೊಟ್ಟ ಕಾರನ್ನು ಟೆಸ್ಟ್ ಮಾಡುವುದಕ್ಕೂ ಲಾಯಕ್ಕಿಲ್ಲ ಅಂತ ವಾಪಸ್ ಕಳಿಸಿದ್ದು ಎಲ್ಲರಿಗೂ ಗೊತ್ತು. 69ರಲ್ಲಿ ಅದೆಷ್ಟೋ ತಿದ್ದಿದರು, ಸ್ಟಿಂಗ್‌ರೇ ಅನ್ನುವ ಹೆಸರೂ (63ರಿಂದ 67ರವರೆಗೆ ಎರಡು ಪದವಾಗಿದ್ದದ್ದು) ವಾಪಸ್ ಬಂತು, ಈ ಸಲ ಒಂದೇ ಪದವಾಗಿ. ಬಣ್ಣ ಕನ್ನಡಿಯಂತಿತ್ತು. ಅದಕ್ಕೇ ಬಿದ್ದೆ.

ಮೊದಲ ಮಳೆಗೆ ಎಡ ಮೊಣಕಾಲಿನ ಮೇಲೆ ಒಂದು ಹನಿ. ಮುಂದಿನ ಗಾಜಿನ ರಬ್ಬರ್ ಇರಬೇಕು ಅಂದುಕೊಂಡೆ. ಹೊಸ ರಬ್ಬರ್ ಹಾಕಲು ಗಾಜಿನ ಸುತ್ತಲಿನ ಹೊಳೆಯುವ ಪಟ್ಟಿ ಬಿಚ್ಚಿದೆ. ಮೂಲೆಯಲ್ಲಿ ಕಂದು ಪುಡಿ ಇತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದೆ, ಕೆರೆಯುವುದೇನು, ಒಳಗೆ ಹೋಗಿಬಿಟ್ಟಿತು. ಒಣಗಿದ ಎಲೆ ಚುಚ್ಚಿದ ಹಾಗೆ. ಫೈಬರ್‌ಗ್ಲಾಸ್ ಒಳಗೆ ಗಾಜನ್ನೂ ಬಾಗಿಲನ್ನೂ ಹಿಡಿದುಕೊಂಡಿರುವ ಉಕ್ಕಿನ ಗೂಡು ಒಂದಿದೆ, ಬರ್ಡ್‌ಕೇಜ್ ಅನ್ನುತ್ತಾರೆ. ನನ್ನದು ಕೊಳೆತಿತ್ತು. ಮೈ ಎತ್ತಿ ಚಾಸಿಸ್‌ನಿಂದ ಬೇರೆ ಮಾಡಿ ಎರಡು ವರ್ಷ ಆಯಿತು. ಈಗ ಅದು ಶೆಡ್ಡಿನ ಈ ಕಡೆ ಅರ್ಧ, ಆ ಕಡೆ ಅರ್ಧ.

ಮಾರಿದವರಿಗೆ ಗೊತ್ತಿತ್ತಾ? ಆ ಹೊಳೆಯುವ ಪಟ್ಟಿಯ ಸ್ಕ್ರೂಗಳು ಹೊಸವಾಗಿದ್ದವು.

ರಿಪೇರಿ ಕೈ

ಇದನ್ನೇ ಹೇಳಬೇಕು ಅಂತಿದ್ದೆ. ವೆಲ್ಡಿಂಗ್ ಬರುವುದಿಲ್ಲ ಅಂದಿರಲ್ಲ, ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಉಪಯೋಗದ ಮಾತು ಅದು. ಬ್ರೇಕು, ಕಾರ್ಬ್ಯುರೇಟರ್, ವೈರಿಂಗ್ ಎಲ್ಲ ನೀವೇ ಮಾಡಿಕೊಳ್ಳಬಹುದು. ಗೂಡು ಮತ್ತು ಚಾಸಿಸ್ ಮಾತ್ರ ಕೈಮೀರಿದ್ದು. ಆದ್ದರಿಂದ ವರ್ಷ ಹುಡುಕುವ ಮೊದಲು ಒಣಗಿದ ಉಕ್ಕು ಹುಡುಕಿ. ಕಾಲಿಡುವ ಜಾಗದಲ್ಲಿ ಪಕ್ಕದ ಪ್ಯಾನಲ್ ಬಿಚ್ಚಿ ಬಾಗಿಲು ಹಿಡಿದಿರುವ ಕಂಬದ ಬುಡ ನೋಡಿ. ಆಮೇಲೆ ಹಿಂದಿನ ಚಕ್ರದ ಮುಂದೆ ಚಾಸಿಸ್ ಮೇಲಕ್ಕೆ ಬಾಗುವ ಜಾಗ, ಅಲ್ಲಿ ಮಣ್ಣು ಕೂರುತ್ತದೆ, ನೀರು ನಿಲ್ಲುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಇದ್ದರೆ ಗಂಟೆಯಂತೆ ಟಣ್ ಅನ್ನುತ್ತದೆ, ಕೊಳೆತಿದ್ದರೆ ಡಬ್ ಅಂತ ಸತ್ತ ಸದ್ದು. 63ರಿಂದ 82ರವರೆಗೂ ಇದೇ ಜಾಗ, ಇದೇ ರೋಗ. ಹಿಂದಿನ ಚಕ್ರದ ಬೇರಿಂಗ್ ಕೂಡ ಅಲ್ಲಾಡಿಸಿ ನೋಡಿ, ಅದರೊಳಗಿನ ಗ್ರೀಸ್ ಒಣಗಿದರೆ ಪ್ರೆಸ್ ಇಲ್ಲದೆ ಬಿಚ್ಚಲಾಗುವುದಿಲ್ಲ.

72 ಕೂಪೆ, ಹನ್ನೊಂದು ವರ್ಷದಿಂದ

ಇಷ್ಟು ಹೊತ್ತಾದರೂ ಯಾರೂ ನನ್ನ ಕಾರಿನ ಹೆಸರೆತ್ತಲಿಲ್ಲ, ಎಂದಿನಂತೆ. ಮುಂದೆ ಹಿಂದೆ ಎರಡೂ ಕಡೆ ಕ್ರೋಮ್ ಬಂಪರ್ ಇರುವ ಕೊನೆಯ ವರ್ಷ ಇದು. ಚಾವಣಿಯ ಎರಡು ಹಲಗೆ ತೆಗೆದು ಹಿಂದಿನ ಗಾಜನ್ನೂ ಕಳಚಿಟ್ಟರೆ ಗಾಳಿ ಸೀದಾ ಹಾದು ಹೋಗುತ್ತದೆ. 73ಕ್ಕೆ ಆ ಗಾಜು ಅಂಟಿಕೊಂಡೇ ಬಂತು. ಕಲ್ಲು ಸಿಡಿದು ಬಣ್ಣ ಹೋಗುತ್ತದೆ ಅಂತ 70ರಲ್ಲೇ ಚಕ್ರದ ಹಿಂದಿನ ಅಂಚನ್ನು ಹೊರಗೆ ಬಾಗಿಸಿದ್ದರು, ಅದೂ ಇದೆ.

ಎಲ್ಲರೂ 72 ಸತ್ತ ಎಂಜಿನ್ ಅನ್ನುತ್ತಾರೆ, ಯಾಕೆಂದರೆ ಪುಸ್ತಕದಲ್ಲಿ 71ರ ಸಾಧಾರಣ 350 ಎಂಜಿನ್ನಿಗೆ 270 ಕುದುರೆಶಕ್ತಿ ಅಂತಿದೆ, 72ಕ್ಕೆ 200. ಎಂಜಿನ್ ಒಂದೇ ವರ್ಷದಲ್ಲಿ 70 ಕುದುರೆ ಕಳೆದುಕೊಳ್ಳಲಿಲ್ಲ. ಅಳೆಯುವ ರೀತಿ ಬದಲಾಯಿತು. ಮೊದಲು ಎಂಜಿನ್ನನ್ನು ಬರಿ ಮೈಯಲ್ಲಿ ಅಳೆಯುತ್ತಿದ್ದರು, 72ರಿಂದ ಫ್ಯಾನು, ಸೈಲೆನ್ಸರ್ ಎಲ್ಲ ಹೊತ್ತುಕೊಂಡ ಮೇಲೆ ಅಳೆದರು. ಸೊರಗಿದ್ದು 71ರಲ್ಲಿ, ಕಂಪ್ರೆಷನ್ (ಸಿಲಿಂಡರಿನೊಳಗೆ ಮಿಶ್ರಣ ಅದುಮುವ ಪ್ರಮಾಣ) ಇಳಿಸಿದಾಗ, 300 ಇದ್ದದ್ದು 270 ಆಯಿತು. ಕಂಪ್ರೆಷನ್ ಕಡಿಮೆ ಇರುವುದರಿಂದಲೇ ಈಗಿನ ಸಾಧಾರಣ ಪೆಟ್ರೋಲಿನಲ್ಲಿ ಟಿಕ್ ಟಿಕ್ ಅನ್ನದೆ ಓಡುತ್ತದೆ, ಹನ್ನೊಂದು ವರ್ಷ ನಾನು ಓಡಿಸಿರುವುದು ಹಾಗೇ.

ಕಿರಿಕಿರಿ? ಎಂಜಿನ್ನಿನ ನಿರ್ವಾತದಿಂದ ಮೇಲೆದ್ದು ತೆರೆದುಕೊಳ್ಳುವ ಹೆಡ್‌ಲೈಟು. ಮತ್ತೆ ವೈಪರ್ ಮುಚ್ಚುವ ಬಾಗಿಲು, ಅದೂ ನಿರ್ವಾತದ್ದೇ. ಮಳೆ ಬಂದಾಗ ಬಾಗಿಲು ಏಳದಿದ್ದರೆ ಮಜಾ ಇರುತ್ತದೆ. ಇಕ್ಕಟ್ಟು ಕೂಡ ಜಾಸ್ತಿ, ಆರಡಿ ಮೀರಿದವರು ಕೂತು ನೋಡದೆ ತಗೋಬೇಡಿ.

73, ಕರೆಯದೆ ಬಂದವನು

ಗೆರೆಯಿಂದ ಒಂದೇ ವರ್ಷ ಆಚೆ ಇದ್ದೇನೆ, ಕ್ಷಮಿಸಿ. ಮುಂದೆ ಮೈಬಣ್ಣದ ಮೆತ್ತನೆ ಬಂಪರ್, ಹಿಂದೆ ಕ್ರೋಮ್, ಈ ಜೋಡಿ ಇರುವುದು 73ಕ್ಕೆ ಮಾತ್ರ. ಆ ವೈಪರ್ ಬಾಗಿಲೂ ಇಲ್ಲ. ಕೇಳುವವರು ಕಡಿಮೆ. ನಾನು ಹೇಳಿದೆ ಅಂತ ಇರಲಿ.

ಕೇಳುತ್ತಿರುವವನು

ಎಲ್ಲರಿಗೂ ಥ್ಯಾಂಕ್ಸ್. ನಿಜ ಹೇಳಬೇಕೆಂದರೆ 63ರ ಗಾಜು ನೋಡಿಯೇ ಇದಕ್ಕೆ ಇಳಿದವನು ನಾನು, ಅದನ್ನು ಬಿಡಲು ಒಂದು ರಾತ್ರಿ ಬೇಕಾಯಿತು. ಈಗ ಎರಡು ಕಾರು ಗುರುತು ಮಾಡಿಕೊಂಡಿದ್ದೇನೆ. ಒಂದು 65 ಕನ್ವರ್ಟಿಬಲ್, ಬದಲಿ ಎಂಜಿನ್, ಬಣ್ಣ ಮಾಸಿದೆ, ಕ್ಯಾಲಿಪರಿಗೆ ಸ್ಲೀವ್ ಹಾಕಿಸಿದ ಚೀಟಿ ಇದೆ. ಇನ್ನೊಂದು 72, ಬಣ್ಣ ಕನ್ನಡಿಯಂತಿದೆ. 69ರವರ ಕತೆ ಓದಿದ ಮೇಲೆ ಆ ಕನ್ನಡಿ ಕಂಡರೇ ಭಯ. ಶನಿವಾರ ಟಾರ್ಚು, ಸಣ್ಣ ಸುತ್ತಿಗೆ ತಗೊಂಡು ಮೊದಲು 65ರ ಹತ್ತಿರ ಹೋಗುತ್ತೇನೆ. 72ರ ಫೋಟೊದಲ್ಲಿ ಒಂದು ಹೆಡ್‌ಲೈಟ್ ಅರ್ಧ ತೆರೆದುಕೊಂಡಿದೆ, ಕಣ್ಣು ಹೊಡೆದ ಹಾಗೆ. ಅದು ದೊಡ್ಡ ರೋಗವಾ?

72 ಕೂಪೆ, ಹನ್ನೊಂದು ವರ್ಷದಿಂದ

ಎಲ್ಲೋ ಒಂದು ರಬ್ಬರ್ ಪೈಪ್ ಸೀಳಿದೆ, ಅಷ್ಟೇ. ನನ್ನದೂ ಚಳಿಯಲ್ಲಿ ಹಾಗೇ ಕಣ್ಣು ಹೊಡೆಯುತ್ತದೆ. ಗಾಜಿನ ಪಟ್ಟಿಯ ಸ್ಕ್ರೂ ಹೊಸದಾ ಹಳೆಯದಾ, ಅದನ್ನು ನೋಡಿ ಬನ್ನಿ.