ಉಣ್ಣೆಯ ಕೈಗವಸನ್ನು ‘ಹೆಣೆಯುವುದೋ’, ‘ನೇಯುವುದೋ’?

ಮಾನ್ಯರೇ,

ಐಸ್‌ಲ್ಯಾಂಡಿನ ಕ್ರಿಸ್ಮಸ್ ಸಂಪ್ರದಾಯಗಳ ಕುರಿತು ಮಕ್ಕಳಿಗಾಗಿ ಒಂದು ಬರಹವನ್ನು ಸಿದ್ಧಪಡಿಸುತ್ತಿರುವ ನನಗೆ ಒಂದು ಕ್ರಿಯಾಪದ ತೊಡಕಾಗಿದೆ. ಎರಡು ಕಡ್ಡಿಗಳನ್ನು ಹಿಡಿದು ಉಣ್ಣೆಯ ನೂಲಿನಿಂದ ಸ್ವೆಟರ್, ಕಾಲುಚೀಲ, ಕೈಗವಸುಗಳನ್ನು ಮಾಡುವ ಕೆಲಸಕ್ಕೆ ‘ಹೆಣೆ’ ಎಂಬುದೇ ತಕ್ಕ ಮಾತೆಂದು ನಾನು ನಂಬಿದ್ದೇನೆ. ಆದರೆ ಅಚ್ಚಾದ ಬರಹಗಳಲ್ಲಿ ‘ಅಜ್ಜಿ ನೇಯ್ದ ಸ್ವೆಟರ್’ ಎಂಬಂಥ ಪ್ರಯೋಗ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಈ ಎರಡು ಮಾತುಗಳನ್ನು ಒಂದರ ಬದಲಿಗೆ ಇನ್ನೊಂದೆಂಬಂತೆ ಬಳಸಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಸಂದರ್ಭವನ್ನು ತುಸು ವಿವರಿಸಬೇಕು. ಐಸ್‌ಲ್ಯಾಂಡಿನ ಜನಪದ ನಂಬಿಕೆಯಲ್ಲಿ ಗ್ರೀಲಾ ಎಂಬ ರಕ್ಕಸಿಯ ಮನೆಯದೆಂದು ಹೇಳಲಾಗುವ ಒಂದು ದೈತ್ಯ ಬೆಕ್ಕು ಇದೆ. ಕ್ರಿಸ್ಮಸ್ಸಿನೊಳಗೆ ಒಂದಾದರೂ ಹೊಸ ಉಡುಪು ಸಿಗದವರನ್ನು ಅದು ತಿಂದುಹಾಕುತ್ತದೆಂದು ಮಕ್ಕಳನ್ನು ಹೆದರಿಸುತ್ತಿದ್ದರು. ಹೊಸ ಉಡುಪು ಸಿಗದವರನ್ನು ‘ಕ್ರಿಸ್ಮಸ್ ಬೆಕ್ಕಿನ ಪಾಲಾದರು’ ಎಂಬರ್ಥದ ನುಡಿಗಟ್ಟಿನಿಂದ ಕರೆಯುವ ರೂಢಿಯೂ ಅಲ್ಲಿದೆ. ಈ ಬೆದರಿಕೆಯ ಹಿಂದೆ ದುಡಿಮೆಯ ಲೆಕ್ಕವಿತ್ತು. ಶರತ್ಕಾಲದಲ್ಲಿ ಒಟ್ಟುಮಾಡಿದ ಉಣ್ಣೆಯನ್ನು ಹಿಂಜಿ, ನೂತು, ಬಟ್ಟೆಯಾಗಿಸುವ ಕೆಲಸ ಹಬ್ಬದೊಳಗೆ ಮುಗಿಯಬೇಕಾಗಿತ್ತು. ಅದರಲ್ಲಿ ಕೈಜೋಡಿಸಿದವರಿಗೆ ಹೊಸ ಕಾಲುಚೀಲವೋ ಬೂಟಿನೊಳಗೆ ಹಾಸಿಕೊಳ್ಳುವ ಉಣ್ಣೆಯ ಮೆತ್ತೆಯೋ ದೊರೆಯುತ್ತಿತ್ತು. ಹೀಗಿರುವಾಗ ಆ ಉಡುಪನ್ನು ಹೇಗೆ ಮಾಡಿದರೆಂಬುದನ್ನು ತಪ್ಪು ಕ್ರಿಯಾಪದದಲ್ಲಿ ಹೇಳಿಬಿಟ್ಟರೆ ಕಥೆಯ ಒಂದು ಎಳೆಯೇ ಕಳಚಿಹೋಗುತ್ತದೆ.

ಏಕೆಂದರೆ ಆ ನಾಡಿನಲ್ಲಿ ಎರಡು ಕೆಲಸಗಳೂ ಇದ್ದವು, ಮತ್ತು ಅವುಗಳ ನಡುವೆ ಶತಮಾನಗಳ ಅಂತರವಿತ್ತು. ಮೊದಲಿನಿಂದ ಇದ್ದದ್ದು ಮಗ್ಗ. ಗೋಡೆಗೆ ಒರಗಿಸಿ ನಿಲ್ಲಿಸಿದ ಮಗ್ಗದಲ್ಲಿ ಹಾಸಿನ, ಎಂದರೆ ಉದ್ದಕ್ಕೆ ಬರುವ, ಎಳೆಗಳಿಗೆ ಕಲ್ಲುಗಳನ್ನು ಕಟ್ಟಿ ಇಳಿಬಿಟ್ಟು ನೇಯುತ್ತಿದ್ದ ಉಣ್ಣೆಬಟ್ಟೆ ಮಧ್ಯಯುಗದಲ್ಲಿ ಹಣದಂತೆಯೇ ಚಲಾವಣೆಯಲ್ಲಿತ್ತು. ಕಡ್ಡಿಗಳ ಕೆಲಸ ಅಲ್ಲಿಗೆ ಬಂದದ್ದು 16ನೆಯ ಶತಮಾನದಲ್ಲಿ. ಬಂದ ಮೇಲೆ ಗಂಡಸರು, ಹೆಂಗಸರು, ಮಕ್ಕಳು ಎಂಬ ಭೇದವಿಲ್ಲದೆ ಎಲ್ಲರ ಕೈಗೂ ಅದು ಹತ್ತಿತು. ಮೀನುಗಾರರಿಗಾಗಿ ಎರಡು ಹೆಬ್ಬೆರಳುಗಳಿರುವ ಕೈಗವಸುಗಳನ್ನು ಮಾಡುತ್ತಿದ್ದರು; ದೋಣಿಯ ಹುಟ್ಟು ಹಾಕಿ, ಹಗ್ಗ ಎಳೆದು ಅಂಗೈಯ ಭಾಗ ಸವೆದರೆ ಕೈಗವಸನ್ನು ತಿರುಗಿಸಿ ಹಾಕಿಕೊಂಡರಾಯಿತು. ಇಂಥ ಜಾಣ್ಮೆಯ ವಸ್ತುವನ್ನು ಮಗ್ಗದಿಂದ ಇಳಿಸಿದ ಬಟ್ಟೆಯ ಸಾಲಿಗೆ ಸೇರಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. ಐಸ್‌ಲ್ಯಾಂಡಿನ ಭಾಷೆಯಲ್ಲಿಯೂ ಇವು ಬೇರೆ ಬೇರೆ ಕ್ರಿಯಾಪದಗಳು. ಕಡ್ಡಿಯ ಕೆಲಸವನ್ನು ಹೇಳುವ ‘ಪ್ರಿಯೋನಾ’ ಎಂಬ ಮಾತು ಕಡ್ಡಿಯ ಹೆಸರಾದ ‘ಪ್ರಿಯೋನ್’ ಎಂಬುದರೊಡನೆ ಸಂಬಂಧವುಳ್ಳದ್ದು. ಇಂಗ್ಲಿಷಿನ ‘ನಿಟ್’ ಆದರೋ ಗಂಟು ಎಂಬರ್ಥದ ‘ನಾಟ್’ ಪದದ ಬಳಗಕ್ಕೆ ಸೇರಿದೆ.

ಕನ್ನಡದಲ್ಲಿ ‘ನೇಯ್’ ಎಂದೊಡನೆ ಉದ್ದಕ್ಕೆ ಬರುವ ಹಾಸು ಮತ್ತು ಅಡ್ಡಕ್ಕೆ ಬರುವ ಹೊಕ್ಕು ಎಂಬ ಎರಡು ಬಗೆಯ ಎಳೆಗಳು ಮನಸ್ಸಿಗೆ ಬರುತ್ತವೆ. ‘ಹಾಸುಹೊಕ್ಕಾಗು’ ಎಂಬ ನುಡಿಗಟ್ಟು ಹುಟ್ಟಿದ್ದೇ ಅದರಿಂದ. ಸ್ವೆಟರಿನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ನೂಲು ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯಾಗಿ ಹೊರಬರುತ್ತ ಸಾಗುತ್ತದೆ. ಅದು ಹಿಗ್ಗುವುದೂ, ತುದಿ ಹಿಡಿದೆಳೆದರೆ ಸರಸರನೆ ಬಿಚ್ಚಿಕೊಳ್ಳುವುದೂ ಇದೇ ಕಾರಣದಿಂದ. ‘ಹೆಣೆ’ ಎಂಬುದು ಹಳಗನ್ನಡದ ‘ಪೆಣೆ’. ತಮಿಳಿನ ‘ಪಿಣೈ’ ಅದರ ಒಡಹುಟ್ಟು. ಒಂದರೊಳಗೊಂದು ತೊಡರಿಸುವುದು, ಕೂಡಿಸುವುದು ಎಂಬುದೇ ಅದರ ಮೂಲಭಾವ. ಜಡೆ, ಬುಟ್ಟಿ, ಬಲೆ ಇವುಗಳನ್ನೆಲ್ಲ ನಾವು ಹೆಣೆಯುತ್ತೇವೆ. ಮಗ್ಗವಿಲ್ಲದೆ ಕೈಯ ಚಲನೆಯಿಂದಲೇ ಆಕಾರ ಪಡೆಯುವ ವಸ್ತುಗಳಿವು. ಆದ್ದರಿಂದ ಉಣ್ಣೆಯ ಕೈಗವಸು ಈ ಪಂಕ್ತಿಯಲ್ಲಿಯೇ ಕೂರಬೇಕು.

ನನ್ನ ವಾದಕ್ಕೆ ಎದುರಾಗಬಲ್ಲ ಒಂದು ಸಾಕ್ಷ್ಯವನ್ನೂ ಮುಂದಿಡುತ್ತೇನೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ಮೆಂತೆ ಎಂಬ ಹೊಲಿಗೆಗಳ ಜೊತೆಗೆ ‘ನೇಗಿ’ ಎಂಬುದೊಂದಿದೆ. ಅದು ಸೂಜಿಯ ಕೆಲಸವೇ ಆದರೂ ಹೆಸರು ನೇಯ್ಗೆಯದು. ಆದರೆ ಅಲ್ಲಿ ಹೊಲಿದ ವಿನ್ಯಾಸವು ಬಟ್ಟೆಯಲ್ಲಿಯೇ ನೇಯ್ದಂತೆ ತೋರುವುದರಿಂದ ಆ ಹೆಸರು ಒಪ್ಪುತ್ತದೆ. ಸ್ವೆಟರಿಗೆ ಅಂಥ ಸಮರ್ಥನೆ ದೊರೆಯುವುದಿಲ್ಲ.

ಇನ್ನು ಆಡುಮಾತಿನ ಸಂಗತಿ. ನಮ್ಮ ತಾಯಿ ಈ ಎರಡೂ ಕ್ರಿಯಾಪದಗಳನ್ನು ಬಳಸುತ್ತಿರಲಿಲ್ಲ. ಕಸೂತಿ ಹಾಕುವುದು, ಜಡೆ ಹಾಕುವುದು ಎಂಬಂತೆಯೇ ಅವರಿಗೆ ಇದು ‘ಸ್ವೆಟರ್ ಹಾಕುವುದು’. ತಂದೆಯವರ ಹಳೆಯ ಸ್ವೆಟರನ್ನು ಬಿಚ್ಚಿ, ಸುರುಳಿಗಟ್ಟಿದ ನೂಲನ್ನು ಕುದಿಯುವ ನೀರಿನ ಹಬೆಗೆ ಹಿಡಿದು ನೇರಮಾಡಿ, ‘ಇದರಲ್ಲೇ ನಿನಗೊಂದು ಹಾಕ್ತೀನಿ’ ಎಂದು ಅವರು ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಮನೆಯೊಳಗೆ ಆ ಮಾತಿಗಿಂತ ಹಿತವಾದುದು ಇನ್ನೊಂದಿಲ್ಲ. ಆದರೆ ಬರಹದಲ್ಲಿ ‘ಅಜ್ಜಿ ಮೊಮ್ಮಗನಿಗೆ ಸ್ವೆಟರ್ ಹಾಕಿದರು’ ಎಂದರೆ ತೊಡಿಸಿದರೆಂದೇ ಓದುಗರು ತಿಳಿಯುತ್ತಾರೆ. ಸಾಲಿನ ಲೆಕ್ಕವನ್ನೂ ತಾಯಿಯವರು ‘ಎರಡು ಸೀದಾ, ಎರಡು ಉಲ್ಟಾ’ ಎಂದೇ ಎಣಿಸುತ್ತಿದ್ದರು.

ಇದರೊಡನೆ ಹೊಂದಿಕೊಂಡ ಇನ್ನೊಂದು ಪದ ‘ಉಡುಗೊರೆ’. ಕೊಡುವ ವಸ್ತು ಯಾವುದೇ ಆಗಿದ್ದರೂ ಇಂದು ನಾವು ಈ ಮಾತನ್ನು ಬಳಸುತ್ತೇವೆ. ಆದರೆ ಅದರೊಳಗೆ ‘ಉಡು’ ಎಂಬುದು ಸ್ಪಷ್ಟವಾಗಿ ಕೇಳಿಸುತ್ತದೆ. ಉಡುವ ವಸ್ತುವನ್ನೇ ಕೊಡಬೇಕೆನ್ನುವ ಈ ಹಬ್ಬದ ಕಥೆಗೆ ಅದಕ್ಕಿಂತ ಹೊಂದುವ ಪದ ಸಿಗಲಾರದೆಂದು ‘ಕಾಣಿಕೆ’, ‘ಕೊಡುಗೆ’ಗಳನ್ನು ಬಿಟ್ಟು ಅದನ್ನೇ ಉಳಿಸಿಕೊಂಡಿದ್ದೇನೆ.

ಕನ್ನಡಕ್ಕೆ ತರಲು ಉಳಿದಿರುವುದು ಐಸ್‌ಲ್ಯಾಂಡಿನ ಭಾಷೆಯ ಪದವಾದ ‘ಕ್ವೊಲ್ಡ್‌ವಾಕ’. ಚಳಿಗಾಲದ ದೀರ್ಘ ಸಂಜೆಗಳಲ್ಲಿ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಉಣ್ಣೆಯ ಕೆಲಸ ಮಾಡುತ್ತಿರುವಾಗ ಒಬ್ಬರು ದೀಪದ ಬೆಳಕಿನಲ್ಲಿ ಹಳೆಯ ಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದ ಹಿಂದಿನ ಪದ್ಧತಿಯಿದು. ಪದಶಃ ಅರ್ಥ ‘ಸಂಜೆಯ ಎಚ್ಚರ’. ‘ಜಾಗರಣೆ’ ಎಂದರೆ ಶಿವರಾತ್ರಿಯ ಉಪವಾಸ ನೆನಪಾಗುತ್ತದೆ. ‘ಹರಟೆ’ ಎಂದರೆ ಕೈಗೆ ಕೆಲಸವೇ ಇಲ್ಲದಂತಾಗುತ್ತದೆ. ಸದ್ಯಕ್ಕೆ ‘ಸಂಜೆಯೋದು’ ಎಂದು ಬರೆದಿಟ್ಟಿದ್ದೇನೆ, ತೃಪ್ತಿಯಿಲ್ಲ.

ಬಲ್ಲವರು ದಯವಿಟ್ಟು ತಿಳಿಸಬೇಕು: ನಿಮ್ಮ ಕಡೆಯ ಮನೆಗಳಲ್ಲಿ ಸ್ವೆಟರನ್ನು ಹೆಣೆಯುತ್ತಾರೆಯೇ, ನೇಯುತ್ತಾರೆಯೇ, ಹಾಕುತ್ತಾರೆಯೇ? ಕಡ್ಡಿಯ ಮೇಲಿನ ಒಂದೊಂದು ಕುಣಿಕೆಯನ್ನು ಏನೆಂದು ಕರೆದು ಎಣಿಸುತ್ತಾರೆ? ನೇಯುವವರಿಗೆ ‘ನೇಕಾರ’ ಎಂಬ ಮಾತಿರುವಂತೆ ಹೆಣೆಯುವ ಗಂಡಸಿಗೂ ಹೆಂಗಸಿಗೂ ಸಲ್ಲುವ ಹೆಸರೇನಾದರೂ ಬಳಕೆಯಲ್ಲಿದೆಯೇ? ಕೊಡಗು, ಮಲೆನಾಡುಗಳಂಥ ಚಳಿಯ ಸೀಮೆಗಳವರ ಮತ್ತು ಕರಾವಳಿಯ ಕ್ರೈಸ್ತ ಮನೆತನಗಳವರ ಉತ್ತರವನ್ನು ವಿಶೇಷವಾಗಿ ಎದುರುನೋಡುತ್ತೇನೆ.