ಗಚ್ಚು, ಗಚ್ಚಿ, ಗಿಲಾವು, ಗಾರೆ: ನಾಲ್ಕೂ ಒಂದೇನು?

ವಿಜಯಪುರದ ಹಳೆಯ ಇಟ್ಟಂಗಿ ಮನೆಯೊಂದರ ದುರಸ್ತಿ ಪಟ್ಟಿಯಲ್ಲಿ ಹೀಗಿದೆ: ‘ಗಚ್ಚಿ ಸೋರತೈತಿ. ಪಡಸಾಲಿ ಗ್ವಾಡಿ ಗಿಲಾವು ಉಬ್ಬೈತಿ. ಗಚ್ಚಿನ್ಯಾಗ ತಿರಗಿ ಮಾಡಬೇಕು.’ ಮೈಸೂರು ಕಡೆಯವರಿಗೆ ತಿಳಿಯುವಂತೆ ಮೂರೂ ಕಡೆ ‘ಗಾರೆ’ ಎಂದು ಹಾಕಿದರೆ ನಡೆದೀತೇ? ಬಲ್ಲವರು ಹೇಳ್ರಿ.

ಉತ್ತರ:
ನಮಸ್ಕಾರ್ರಿ. ಹಂಗ ಹಾಕಬ್ಯಾಡ್ರಿ, ಅರ್ಥ ಕೆಡತೈತಿ.

ಗಚ್ಚು ಎಂಬುದು ವಸ್ತು. ಮೂಲ ಫಾರ್ಸಿಯ ‘ಗಚ್’. ಅಲ್ಲಿ ಜಿಪ್ಸಮ್, ನಮ್ಮಲ್ಲಿ ಸುಣ್ಣದ ಮಿಶ್ರಣ. ಗಚ್ಚಿ ಎಂದರೆ ಜಾಗ, ಗಚ್ಚು ಬಡಿದು ಮಾಡಿದ ತಾರಸಿ. ಮರಾಠಿಯಲ್ಲೂ ಅದೇ ಅರ್ಥ. ಜಂತಿಯ ಮೇಲೆ ಮಣ್ಣು ಹಾಕಿದ ಮಾಳಿಗಿ ಬೇರೆ. ಗಿಲಾವು ಗೋಡೆಗೆ ಮೆತ್ತುವ ಪದರು. ಫಾರ್ಸಿಯಲ್ಲಿ ಗಿಲ್ ಮಣ್ಣು, ಆಬ್ ನೀರು. ಈಗ ಆ ಪದರು ಮಣ್ಣಿನದಿರಲಿ, ಗಚ್ಚಿನದಿರಲಿ, ಸಿಮೆಂಟಿನದಿರಲಿ, ಗಿಲಾವೇ. ‘ಗಾರೆ’ ವಸ್ತುವಿಗೂ ಕೆಲಸಕ್ಕೂ ಸಲ್ಲುತ್ತದೆ (ಆ ಕಡೆಯ ಗಾರೆಯವನೇ ಇಲ್ಲಿಯ ಗೌಂಡಿ), ತಾರಸಿಗೆ ಸಲ್ಲದು.

ಇನ್ನೊಂದು ದೊಡ್ಡ ತೊಡಕಿದೆ. ಇವತ್ತು ಗಾರೆ ಎಂದೊಡನೆ ಗೌಂಡಿ ಸಿಮೆಂಟ್ ಚೀಲ ಬಿಚ್ಚುತ್ತಾನೆ. ಪಟ್ಟಿ ಬರೆದವರು ಕೇಳಿದ್ದು ಸುಣ್ಣ, ಸುರ್ಕಿ. ಸುರ್ಕಿ ಇಟ್ಟಂಗಿ ಪುಡಿ. ಫಾರ್ಸಿಯ ‘ಸುರ್ಖ್’, ಕೆಂಪು. ನೆನೆಸಿ ಅರಳಿಸಿದ ಸುಣ್ಣ 1, ಸುರ್ಕಿ 1, ಉಸುಕು 1 ಪಾಲು ಹಾಕಿ ಗಾಣದಲ್ಲಿ ಅರೆಯುವುದು ರೂಢಿಯ ಒಂದು ಅಳತೆ. ಕರಿಗಟ್ಟುವಷ್ಟು ಸುಟ್ಟ ಇಟ್ಟಂಗಿಯ ಪುಡಿ ಸುಣ್ಣದೊಡನೆ ಕೂಡುವುದಿಲ್ಲ, ಹದವಾಗಿ ಬೆಂದದ್ದೇ ಬೇಕು. ಗೋಳಗುಮ್ಮಟದ ಗುಮ್ಮಟವೂ ಇಟ್ಟಂಗಿ, ಗಚ್ಚಿನದೇ. ಬುಡದಲ್ಲಿ ಸುಮಾರು 10 ಅಡಿ ದಪ್ಪ.

ಗಚ್ಚು ಗೋಡೆಯ ಹಸಿಯನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಹಸಿ ಒಳಗೇ ಉಳಿದು, ಉಪ್ಪು ಇಟ್ಟಂಗಿಯ ಮೈಗೆ ಬಂದು ಹರಳುಗಟ್ಟುತ್ತದೆ. ಆಮೇಲೆ ಗಿಲಾವು ಉಬ್ಬಿ ಹಪ್ಪಳದಂತೆ ಏಳುತ್ತದೆ, ಬೀಳುವಾಗ ಇಟ್ಟಂಗಿಯ ಮುಖವನ್ನೂ ಕಿತ್ತುಕೊಂಡೇ ಬೀಳುತ್ತದೆ. ಉಬ್ಬಿದ ಕಡೆ ಮೊಳೆಯಿಂದ ಕೆರೆದು ನೋಡಿಸ್ರಿ: ನಸುಗೆಂಪು ಪುಡಿ ಉದುರಿದರೆ ಸುರ್ಕಿ ಗಚ್ಚು, ಬೂದು ಬಣ್ಣದ್ದು ಮೊಳೆಗೆ ಜಗ್ಗದಿದ್ದರೆ ಬಹುತೇಕ ಸಿಮೆಂಟ್.

ಅನುವಾದ ಹೀಗಿರಲಿ: ‘ತಾರಸಿ ಸೋರುತ್ತಿದೆ. ಪಡಸಾಲೆಯ ಗೋಡೆಯ ಗಿಲಾವು ಉಬ್ಬಿದೆ. ಸುಣ್ಣ, ಸುರ್ಕಿಯ ಗಚ್ಚಿನಿಂದ ಮತ್ತೆ ಮಾಡಬೇಕು, ಸಿಮೆಂಟ್ ಸೇರಿಸಕೂಡದು.’ ಕೊನೆಯ ಎರಡು ಪದ ಮೂಲದಲ್ಲಿಲ್ಲ, ಆದರೂ ಸೇರಿಸ್ರಿ.