ನೋವು ತಿಳಿಯುವ ಮೊದಲೇ ಕೈಯನ್ನು ಹಿಂದಕ್ಕೆ ಎಳೆದದ್ದು ಯಾವುದು?

ಪ್ರಶ್ನೆ (ಜಿಜ್ಞಾಸು):
ದೇಹದ ಚಲನೆಗಳನ್ನೆಲ್ಲ ಮೆದುಳೇ ನಿಯಂತ್ರಿಸುತ್ತದೆ ಎಂದು ಓದಿಕೊಂಡು ಬಂದಿದ್ದೇನೆ. ಆದರೆ ನಿನ್ನೆ ಒಲೆಯ ಮೇಲಿದ್ದ ಪಾತ್ರೆಯ ಅಂಚು ಬೆರಳಿಗೆ ತಗುಲಿದಾಗ ಕೈ ತಾನಾಗಿಯೇ ಹಿಂದೆ ಸರಿಯಿತು, ನೋವು ಆಮೇಲೆ ತಿಳಿಯಿತು. ಆ ನೋವೂ ಒಂದೇ ಬಗೆಯದಾಗಿರಲಿಲ್ಲ. ಮೊದಲು ಚುರುಕ್ ಎಂದಿತು, ತುಸು ತಡವಾಗಿ ಉರಿ ಹಬ್ಬಿತು. ಕೈ ಸರಿಯುವಂತೆ ಆಜ್ಞೆ ಕೊಟ್ಟದ್ದು ಮೆದುಳಲ್ಲವಾದರೆ ಮತ್ತಾವುದು?

ಉತ್ತರ 1 (ಶರೀರಕ್ರಿಯಾ ವಿಜ್ಞಾನದ ಅಧ್ಯಾಪಕಿ):
ಆಜ್ಞೆ ಕೊಟ್ಟದ್ದು ನಿಮ್ಮ ಬೆನ್ನುಹುರಿ. ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ; ಬೆರಳುಗಳ ಸಂವೇದನೆಯನ್ನು ಹೊತ್ತು ತರುವವು ಕುತ್ತಿಗೆಯ ಕೆಳಭಾಗದ ಮಟ್ಟದಲ್ಲಿ ಅದನ್ನು ಸೇರುತ್ತವೆ. ಸಂವೇದನೆಯ ತಂತುಗಳು ಹುರಿಯ ಹಿಂಬದಿಯಿಂದ ಒಳಹೊಕ್ಕರೆ, ಸ್ನಾಯುಗಳಿಗೆ ಆಜ್ಞೆ ಒಯ್ಯುವ ತಂತುಗಳು ಮುಂಬದಿಯಿಂದ ಹೊರಬರುತ್ತವೆ. ಇವೆರಡರ ನಡುವೆ ಹುರಿಯೊಳಗೇ ಇರುವ ಚಿಕ್ಕ ನರಕೋಶಗಳು ಸುದ್ದಿಯನ್ನು ದಾಟಿಸಿ, ಮೊಣಕೈಯನ್ನು ಮಡಚುವ ಸ್ನಾಯುವನ್ನು ಬಿಗಿಗೊಳಿಸುತ್ತವೆ ಮತ್ತು ಅದೇ ಕ್ಷಣದಲ್ಲಿ ಮೊಣಕೈಯನ್ನು ಚಾಚುವ ಸ್ನಾಯುವನ್ನು ಸಡಿಲಿಸುತ್ತವೆ. ಇದನ್ನೇ ಪರಾವರ್ತಿತ ಪ್ರತಿಕ್ರಿಯೆ ಎನ್ನುತ್ತೇವೆ.

ಮೆದುಳಿಗೂ ಸುದ್ದಿ ಹೋಗುತ್ತದೆ, ಆದರೆ ಆ ದಾರಿ ಉದ್ದವಾದದ್ದು: ಬೆನ್ನುಹುರಿಯಲ್ಲಿ ಎದುರು ಬದಿಗೆ ದಾಟಿ, ಮೆದುಳಿನ ಕಾಂಡದ ಮೂಲಕ ಮೇಲೇರಿ, ಮೆದುಳಿನ ಒಳಭಾಗದಲ್ಲಿರುವ ಥಾಲಮಸ್ ಎಂಬ ಕೇಂದ್ರವನ್ನು ತಲುಪಿ, ಅಲ್ಲಿಂದ ಮೆದುಳಿನ ಹೊರಪದರಕ್ಕೆ ಹೋಗಬೇಕು. ನಿಮಗೆ ಎರಡು ಬಗೆಯ ನೋವು ಕಾಣಿಸಿದ್ದಕ್ಕೂ ಸ್ಪಷ್ಟವಾದ ಕಾರಣವಿದೆ. ಮಯಲಿನ್ ಎಂಬ ಕೊಬ್ಬಿನ ಪೊರೆಯ ತೆಳು ಹೊದಿಕೆಯುಳ್ಳ ತಂತುಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಸಾಗುತ್ತದೆ. ಆ ಪೊರೆಯೇ ಇಲ್ಲದ ಸಪೂರ ತಂತುಗಳಲ್ಲಿ 2 ಮೀಟರನ್ನೂ ಮೀರುವುದು ವಿರಳ. ಚುರುಕ್ ಎಂದದ್ದು ಮೊದಲನೆಯ ತಂತುಗಳ ಸುದ್ದಿ, ಆಮೇಲೆ ಹಬ್ಬಿದ ಉರಿ ಎರಡನೆಯವುಗಳದ್ದು.

ಉತ್ತರ 2 (ಫಿಸಿಯೋಥೆರಪಿಸ್ಟ್):
ಮೇಲಿನ ಉತ್ತರ ಸರಿಯಾಗಿದೆ. ಆದರೆ ಬೆನ್ನುಹುರಿ ಮೆದುಳಿನ ಹಂಗಿಲ್ಲದೆ ಕೆಲಸ ಮಾಡುತ್ತದೆ ಎಂದು ಯಾರೂ ತಿಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಕುದಿಯುವ ನೀರಿನ ಲೋಟವನ್ನು ಹಿಡಿದಿರುವಾಗ ಪಕ್ಕದಲ್ಲಿ ಮಗುವಿದ್ದರೆ, ಬೆರಳು ಸುಡುತ್ತಿದ್ದರೂ ನಾವು ಲೋಟವನ್ನು ಕೈಬಿಡದೆ ಮೇಜಿನವರೆಗೆ ಒಯ್ಯುತ್ತೇವೆ. ಮೆದುಳಿನಿಂದ ಇಳಿದುಬರುವ ತಂತುಗಳು ಬೆನ್ನುಹುರಿಯ ಪ್ರತಿಕ್ರಿಯೆಯನ್ನು ಆಗ ತಡೆಹಿಡಿಯುತ್ತವೆ.

ಈ ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆನ್ನಿನ ಮಟ್ಟದಲ್ಲಿ ಹುರಿ ಪೂರ್ತಿಯಾಗಿ ತುಂಡಾದವರಿಗೆ ಕಾಲಿನಲ್ಲಿ ಸ್ಪರ್ಶವೂ ಇರುವುದಿಲ್ಲ, ಚಲನೆಯೂ ಇರುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಕಾಲು ಜೋತುಬಿದ್ದಂತಿರುತ್ತದೆ; ಬಳಿಕ ಒಂದು ದಿನ ಅಂಗಾಲನ್ನು ಸವರಿದ ಕೂಡಲೇ ಇಡೀ ಕಾಲು ಮಡಚಿಕೊಳ್ಳುತ್ತದೆ. ಮನೆಯವರ ಮುಖ ಅರಳುತ್ತದೆ, ಕಾಲಿಗೆ ಜೀವ ಬಂತು ಎನ್ನುತ್ತಾರೆ. ಅದು ಮೆದುಳಿನ ತಡೆಯಿಲ್ಲದೆ ಬೆನ್ನುಹುರಿ ತಾನೇ ಮಾಡಿದ ಚಲನೆ, ರೋಗಿಗೆ ಅದರ ಅರಿವಾಗುವುದೇ ಇಲ್ಲ ಎಂದು ಅವರಿಗೆ ತಿಳಿಸಿ ಹೇಳುವುದು ನನ್ನ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ.

ಜಿಜ್ಞಾಸು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಉಸಿರಾಟವೂ ಬೆನ್ನುಹುರಿಯ ಕೆಲಸವೇ? ನಿದ್ದೆಯಲ್ಲಿಯೂ ಅದು ನಿಲ್ಲುವುದಿಲ್ಲವಲ್ಲ.

ಉತ್ತರ 3 (ಶರೀರಕ್ರಿಯಾ ವಿಜ್ಞಾನದ ಅಧ್ಯಾಪಕಿ):
ಅಲ್ಲ. ಉಸಿರಾಟದ ಲಯ ಹುಟ್ಟುವುದು ಮೆದುಳಿನ ಕಾಂಡದ ಕೆಳತುದಿಯಾದ ಮೆಡುಲ್ಲಾದಲ್ಲಿ. ಅಲ್ಲಿಂದ ಆಜ್ಞೆ ಬೆನ್ನುಹುರಿಗೆ ಇಳಿದು, ಕುತ್ತಿಗೆಯ 3, 4 ಮತ್ತು 5ನೇ ನರಗಳಿಂದ ರೂಪುಗೊಂಡ ನರದ ಮೂಲಕ, ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಾದ ವಪೆಯನ್ನು ತಲುಪುತ್ತದೆ. ಆದ್ದರಿಂದಲೇ ಆ ಮಟ್ಟಕ್ಕಿಂತ ಮೇಲೆ ಹುರಿ ತುಂಡಾದರೆ, ಮೆದುಳಿಗೆ ಏನೂ ಆಗದಿದ್ದರೂ ಉಸಿರಾಟಕ್ಕೆ ಯಂತ್ರದ ನೆರವು ಬೇಕಾಗುತ್ತದೆ. ನಾವು ಬೇಕೆಂದೇ ಉಸಿರು ಬಿಗಿಹಿಡಿಯಬಲ್ಲೆವು, ಲೋಟವನ್ನು ಬಿಡದೆ ಹಿಡಿದಂತೆ. ಆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ ಹೋದ ಹಾಗೆ ಉಸಿರೆಳೆಯುವಂತೆ ಮೆಡುಲ್ಲಾ ಹೇರುವ ಒತ್ತಡ ಹೆಚ್ಚಿ, ಕೊನೆಗೆ ನಮ್ಮ ಇಚ್ಛೆಯನ್ನು ಮೀರಿ ಉಸಿರು ಒಳಗೆ ಬರುತ್ತದೆ.